ಕ್ಲಸ್ಟರ್ ಕಟ್ಟಿ, ಪರೀಕ್ಷಿಸಿ, ಕೆಡವಿ: ಬಿಗ್ ಡೇಟಾ ವರ್ಷನ್‌ಗಳು ಒಂದಕ್ಕೊಂದು ಹೊಂದುತ್ತವೆಯೇ?

ಸ್ಪಾರ್ಕ್ (ದೊಡ್ಡ ಡೇಟಾವನ್ನು ಹಲವು ಮಷಿನ್‌ಗಳಿಗೆ ಹಂಚಿ ಲೆಕ್ಕ ಹಾಕುವ ಸಾಫ್ಟ್‌ವೇರ್) ಜಾಬ್ ಲ್ಯಾಪ್‌ಟಾಪಿನಲ್ಲಿ ಓಡಿತು ಅಂತ ನಂಬಿ ಕೂರಬೇಡಿ. ಲೋಕಲ್ ಮೋಡ್‌ನಲ್ಲಿ ಎಲ್ಲವೂ ಒಂದೇ ಜೆವಿಎಂ (ಜಾವಾ ಪ್ರೋಗ್ರಾಂ ಓಡಿಸುವ ಪ್ರೊಸೆಸ್) ಒಳಗೆ ನಡೆಯುತ್ತದೆ. ನೆಟ್‌ವರ್ಕ್, ಬಳಕೆದಾರರ ಗುರುತು ಪರಿಶೀಲಿಸುವ ಕರ್ಬೆರೋಸ್, ನೋಡ್‌ಗಳಲ್ಲಿರುವ (ಅಂದರೆ ಕ್ಲಸ್ಟರ್‌ನ ಒಂದೊಂದು ಮಷಿನ್‌ನಲ್ಲಿರುವ) ಹಳೆಯ ಜಾರ್ ಫೈಲುಗಳು (ಜಾವಾ ಲೈಬ್ರರಿಗಳು), ಇವುಗಳ ತಕರಾರು ಗೊತ್ತಾಗುವುದು ಹಲವು ಮಷಿನ್‌ಗಳ ನಿಜವಾದ ಕ್ಲಸ್ಟರ್‌ನಲ್ಲೇ.

ಮೊದಲು ಯಾವ ವರ್ಷನ್‌ಗಳನ್ನು ಪರೀಕ್ಷಿಸಬೇಕು ಅಂತ ಪಟ್ಟಿ ಮಾಡಿ. ಮೂರು ಹಡೂಪ್ (ಡೇಟಾ ಸಂಗ್ರಹಿಸಿ ಕೆಲಸ ಹಂಚುವ ವ್ಯವಸ್ಥೆ), ಮೂರು ಸ್ಪಾರ್ಕ್, ಎರಡು ಹೈವ್ (ಆ ಡೇಟಾವನ್ನು ಎಸ್‌ಕ್ಯೂಎಲ್‌ನಲ್ಲಿ ಕೇಳುವ ಸಾಧನ), ಎರಡು ಜಾವಾ ವರ್ಷನ್ ಅಂದರೆ ಆಗಲೇ 36 ಜೋಡಣೆ. ಎಲ್ಲವೂ ಬೇಡ. ಸ್ಪಾರ್ಕ್ 4ಕ್ಕೆ ಕನಿಷ್ಠ ಜಾವಾ 17 ಬೇಕು, ಹಾಗಾಗಿ ಕೆಲವು ತಾವಾಗಿಯೇ ಬಿದ್ದುಹೋಗುತ್ತವೆ. ಉಳಿದದ್ದರಲ್ಲಿ ನಿಮ್ಮ ಬಳಕೆದಾರರು ನಿಜಕ್ಕೂ ಓಡಿಸುವುದನ್ನು ಇಟ್ಟುಕೊಳ್ಳಿ.

ಆಮೇಲೆ ಕ್ಲಸ್ಟರ್. ಮಷಿನ್‌ಗಳನ್ನು ಸೃಷ್ಟಿಸೋಕೆ ಟೆರಾಫಾರ್ಮ್, ಇನ್‌ಸ್ಟಾಲ್‌ಗೆ ಆನ್ಸಿಬಲ್ ಸಾಕು. ಅಪಾಚೆ ಬಿಗ್‌ಟಾಪ್‌ನಲ್ಲಿ ಡಾಕರ್ ಮೇಲೆ ಕ್ಲಸ್ಟರ್ ಕಟ್ಟಿಕೊಡುವ ಸ್ಕ್ರಿಪ್ಟ್‌ಗಳೂ ಇವೆ. ಮೂರು ನೋಡ್ ಇರಲಿ, ಪ್ರತಿ ವರ್ಷನ್ ನಂಬರನ್ನೂ ಫೈಲಿನಲ್ಲಿ ಬರೆದಿಡಿ. ‘ಲೇಟೆಸ್ಟ್’ ಅಂತ ಬರೆದರೆ ನಿನ್ನೆಯ ಫಲಿತಾಂಶವನ್ನು ಇವತ್ತಿನದರ ಜೊತೆ ಹೋಲಿಸೋಕೆ ಆಗಲ್ಲ, ಅಲ್ವಾ?

ಕ್ಲಸ್ಟರ್ ಮೇಲೆದ್ದ ಕೂಡಲೇ ಟೆಸ್ಟ್ ಶುರು ಮಾಡಬೇಡಿ. ಸುಮ್ನೆ ಇಷ್ಟು ನಿಮಿಷ ಕಾಯಿ ಅಂತ ಸ್ಕ್ರಿಪ್ಟ್‌ಗೆ ಹೇಳುವುದೂ ಬೇಡ. ನೇಮ್‌ನೋಡ್ (ಹಡೂಪ್ ಫೈಲುಗಳ ಲೆಕ್ಕ ಇಡುವ ಸರ್ವರ್) ಫೈಲು ಬದಲಿಸೋಕೆ ಬಿಡದ ಸೇಫ್ ಮೋಡ್‌ನಿಂದ ಹೊರಬಂತಾ, ಯಾರ್ನ್‌ಗೆ (ಹಡೂಪ್‌ನಲ್ಲಿ ಕೆಲಸ ಹಂಚುವ ಭಾಗಕ್ಕೆ) ಎಲ್ಲ ನೋಡ್‌ಗಳೂ ಸೇರಿದವಾ ಅಂತ ಸ್ಕ್ರಿಪ್ಟೇ ಕೇಳಿ ನೋಡಲಿ. ನೇಮ್‌ನೋಡ್‌ನ ವೆಬ್ ಪೋರ್ಟ್ ಹಡೂಪ್ 2ರಲ್ಲಿ 50070 ಇತ್ತು, 3ರಲ್ಲಿ 9870 ಆಯಿತು. ಪೋರ್ಟ್ ನಂಬರ್ ನೇರವಾಗಿ ಬರೆದಿಟ್ಟ ಸ್ಕ್ರಿಪ್ಟ್ ಇಲ್ಲೇ ಮುಗ್ಗರಿಸುತ್ತದೆ.

ಡೇಟಾ ಸೃಷ್ಟಿಸುವ ಟೆರಾಜೆನ್, ಅದನ್ನು ವಿಂಗಡಿಸುವ ಟೆರಾಸಾರ್ಟ್, ಫಲಿತಾಂಶ ಪರಿಶೀಲಿಸುವ ಟೆರಾವ್ಯಾಲಿಡೇಟ್ ಓಡಿಸಿದರೆ ಬುನಾದಿ ಗಟ್ಟಿ ಇದೆಯಾ ಅಂತ ತಿಳಿಯುತ್ತದೆ. ನಂತರ ನಿಮ್ಮ ಜಾಬ್‌ಗಳು. ಗುವಾವಾ ಎಂಬ ಜಾವಾ ಲೈಬ್ರರಿಯ ಎರಡು ವರ್ಷನ್ ಡಿಕ್ಕಿ ಹೊಡೆದು ಜಾಬ್ ‘ನೋ ಸಚ್ ಮೆಥಡ್’ (ಅಂಥ ಮೆಥಡ್ ಇಲ್ಲ) ಅಂತ ಬಿದ್ದರೆ ಒಳ್ಳೆಯದೇ, ಕನಿಷ್ಠ ಕಣ್ಣಿಗೆ ಕಾಣುತ್ತದೆ. ನನಗೆ ಜಾಸ್ತಿ ಭಯ ಇರುವುದು ಯಶಸ್ವಿಯಾಗಿ ಮುಗಿದು ತಪ್ಪು ಉತ್ತರ ಕೊಡುವ ಜಾಬ್ ಬಗ್ಗೆ. ಸ್ಪಾರ್ಕ್ 3.0ರಲ್ಲಿ ಕ್ಯಾಲೆಂಡರ್ ಲೆಕ್ಕವೇ ಬದಲಾಯಿತು, 1582ಕ್ಕಿಂತ ಹಿಂದಿನ ತಾರೀಖುಗಳನ್ನು ಹಳೆಯ ಮತ್ತು ಹೊಸ ವರ್ಷನ್ ಬೇರೆ ಬೇರೆಯಾಗಿ ಓದಬಹುದು. ಅಷ್ಟು ಹಳೆಯ ತಾರೀಖು ಯಾರ ಹತ್ತಿರ ಇರುತ್ತೆ ಅಂತೀರಾ? ತಾರೀಖು ಗೊತ್ತಿಲ್ಲದ ಕಡೆ 0001-01-01 ಅಂತ ತುಂಬಿದ ಟೇಬಲ್‌ಗಳನ್ನು ಹುಡುಕಿ ನೋಡಿ. ಆದ್ದರಿಂದ ಒಂದೇ ಇನ್‌ಪುಟ್ ಅನ್ನು ಎರಡೂ ವರ್ಷನ್‌ಗೆ ಕೊಟ್ಟು, ಸಾಲುಗಳ ಸಂಖ್ಯೆ, ಕಾಲಂಗಳ ಮೊತ್ತ, ನಲ್‌ಗಳ (ಖಾಲಿ ಮೌಲ್ಯಗಳ) ಎಣಿಕೆ, ಅತಿ ಹಳೆಯ ಮತ್ತು ಅತಿ ಹೊಸ ತಾರೀಖು ಇಷ್ಟನ್ನಾದರೂ ಹೋಲಿಸಿ.

ಕೊನೆಗೆ ಕೆಡವುವುದು. ಅದಕ್ಕೂ ಮುಂಚೆ ಲಾಗ್‌ಗಳನ್ನು ಹೊರಗೆ ತೆಗೆದಿಡಿ, ಯಾಕೆಂದರೆ ಯಾರ್ನ್ ಒಟ್ಟುಮಾಡಿದ ಲಾಗ್‌ಗಳು ಸಾಮಾನ್ಯವಾಗಿ ಅದೇ ಕ್ಲಸ್ಟರ್‌ನ ಎಚ್‌ಡಿಎಫ್‌ಎಸ್ ಎಂಬ ಹಡೂಪ್ ಫೈಲ್ ಸಂಗ್ರಹದಲ್ಲಿರುತ್ತವೆ, ಕ್ಲಸ್ಟರ್ ಜೊತೆಗೇ ಹೋಗಿಬಿಡುತ್ತವೆ. ಟೆಸ್ಟ್ ಪಾಸಾಗಲಿ, ಫೇಲಾಗಲಿ, ಕೆಡವುವ ಹಂತ ಓಡಲೇಬೇಕು. ಈ ಹಂತಗಳನ್ನೆಲ್ಲ ಓಡಿಸುವ ಪೈಪ್‌ಲೈನ್ ನಡುವೆಯೇ ಸತ್ತರೆ? ಪ್ರತಿ ಮಷಿನ್‌ಗೂ ಅವಧಿ ಬರೆದ ಟ್ಯಾಗ್ ಹಾಕಿ, ಅವಧಿ ಮೀರಿದ್ದನ್ನು ಅಳಿಸುವ ಇನ್ನೊಂದು ಜಾಬ್ ಬೇರೆಯಾಗಿ ಓಡುತ್ತಿರಲಿ.