ಸೈಕಲ್‌ಗೆ ಇಂಜಿನ್ ಕೂರಿಸಿದ್ದಾಯ್ತು, ಆಟೋಮ್ಯಾಟಿಕ್ ಯಾವ್ದು ಹಾಕೋದು?

ಕಳೆ ಕೊಚ್ಚೋ ಮಷಿನ್ನಿನ ಇಂಜಿನ್ ಬಿಚ್ಚಿ ಸೈಕಲ್‌ಗೆ ಹಾಕೋ ಹುಚ್ಚು ನಮ್ಮ ಹುಡುಗ್ರಿಗೆ ಹೊಸದೇನಲ್ಲ. ಎರಡು ವಿಡಿಯೋ ನೋಡಿ, ಊರಿನ ವೆಲ್ಡಿಂಗ್ ಶಾಪ್ ಅಣ್ಣನ್ನ ಕಾಡಿ ಬೇಡಿ ಒಂದು ಮೌಂಟ್ ಮಾಡಿಸ್ಕೊಂಡ್ರೆ ಗಾಡಿ ರೆಡಿ. ಸಮತಟ್ಟು ರೋಡಲ್ಲಿ ಜೋರಾಗೇ ಓಡುತ್ತೆ, ಏರು ಬಂದಾಗ ಮಾತ್ರ ಇಂಜಿನ್ ಕಿರುಚುತ್ತೆ, ಗಾಡಿ ಮುಂದಕ್ಕೆ ಹೋಗಲ್ಲ, ಜೊತೆಗೆ ಕ್ಲಚ್ ಸುಟ್ಟ ವಾಸನೆ. ಆಗ ಎಲ್ರೂ ಕೇಳೋದು ಒಂದೇ, ಸ್ಕೂಟರ್ ಥರ ಆಟೋಮ್ಯಾಟಿಕ್ ಹಾಕ್ಬಿಟ್ರೆ ಆಗಲ್ವಾ ಅಂತ. ಆಗುತ್ತೆ. ಆದ್ರೆ ಸಿವಿಟಿ (ಸ್ಕೂಟರಲ್ಲಿರೋ, ಬೆಲ್ಟು ಪುಲ್ಲಿಯಿಂದ ತಾನಾಗೇ ಗೇರಿಂಗ್ ಬದಲಾಗೋ ಪದ್ಧತಿ) ಬೇಕು ಅಂತ ಹೊರಡೋ ಎಷ್ಟೋ ಜನಕ್ಕೆ ನಿಜವಾಗ್ಲೂ ಬೇಕಿರೋದು ಹಿಂದಿನ ಚಕ್ರಕ್ಕೆ ಒಂದು ದೊಡ್ಡ ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲಿನ ಚಕ್ರ) ಅಷ್ಟೇ ಅನ್ನೋದು ನನ್ನ ಅಭಿಪ್ರಾಯ. ಅದು ನಿಮಗೂ ಅನ್ವಯಿಸುತ್ತಾ ಇಲ್ವಾ ಅಂತ ದುಡ್ಡು ಸುರಿಯೋಕೆ ಮುಂಚೆ ಪೇಪರ್ ಮೇಲೇ ಗೊತ್ತಾಗುತ್ತೆ.

ಮೊದ್ಲು ಸಿಸಿ ನೋಡ್ಕೊಳ್ಳಿ

ನಮ್ಮ ಮೋಟಾರು ವಾಹನ ಕಾಯ್ದೆ ಪ್ರಕಾರ ನಾಲ್ಕಕ್ಕಿಂತ ಕಮ್ಮಿ ಚಕ್ರ ಇದ್ದು, ಇಂಜಿನ್ 25 ಸಿಸಿ ಮೀರದೇ ಇದ್ರೆ ಅದು ಮೋಟಾರು ವಾಹನ ಅನ್ನಿಸ್ಕೊಳ್ಳಲ್ಲ. ಮೀರಿದ್ರೆ ರೋಡಿಗಿಳಿಸೋಕೆ ರಿಜಿಸ್ಟ್ರೇಷನ್, ಇನ್ಶೂರೆನ್ಸ್, ಲೈಸೆನ್ಸ್ ಎಲ್ಲಾ ಬೇಕು, ಮನೇಲಿ ಜೋಡಿಸಿದ ಗಾಡಿಗೆ ಆರ್‌ಸಿ ಮಾಡಿಸೋದು ಸುಲಭದ ಮಾತಲ್ಲ. ಹಂಗಾಗಿ 43, 52 ಸಿಸಿ ಬ್ರಷ್ ಕಟರ್ (ಕಳೆ ಮಷಿನ್) ಇಂಜಿನ್ನು, ಚೀನಾದ 80 ಸಿಸಿ ಅಂತ ಮಾರೋ ಟು ಸ್ಟ್ರೋಕ್ ಕಿಟ್ಟು ಇವೆಲ್ಲಾ ತೋಟದೊಳಗೆ, ಎಸ್ಟೇಟ್ ದಾರೀಲಿ ಓಡಿಸೋಕೆ ಸೈ, ಸಾರ್ವಜನಿಕ ರೋಡಿಗೆ ಬೇಡ. ಕರೆಂಟಿಂದಾದ್ರೆ 250 ವ್ಯಾಟ್, 25 ಕಿ.ಮೀ. ವೇಗದ ಮಿತಿ ಇದೆ, ಅದ್ರೊಳಗಿದ್ರೆ ತಲೆನೋವಿಲ್ಲ. ಚಕ್ರದ ನಡುವಿನ ಹಬ್ಬೊಳಗೇ ಮೋಟರ್ ಇರೋ ಕಿಟ್ ತಗೊಂಡ್ರೆ ನೀವು ಆರಿಸೋಕೆ ಗೇರ್‌ಬಾಕ್ಸೇ ಇರಲ್ಲ, ಮುಂದಿನದ್ದು ಓದದೇ ಇದ್ರೂ ನಡಿಯುತ್ತೆ.

ಸಿಸಿ ಕಮ್ಮಿ ಆದಷ್ಟೂ ಗೇರಿಂಗ್ ಕೆಲಸ ಜಾಸ್ತಿ. ಹೋಂಡಾ ಜಿಎಕ್ಸ್25 ಇಂಜಿನ್ ಸರಿಯಾಗಿ ಆ 25 ಸಿಸಿ ಗೆರೆ ಮೇಲೆ ಕೂತಿದೆ, ಅದ್ರ ಟಾರ್ಕ್ (ತಿರುಗಿಸೋ ಬಲ) ಹೆಚ್ಚೂಕಮ್ಮಿ 1 ನ್ಯೂಟನ್ ಮೀಟರ್. ಅಣ್ಣ ಜಿಎಕ್ಸ್35, 35.8 ಸಿಸಿ, 1.6 ನ್ಯೂಟನ್ ಮೀಟರ್. ಎರಡೂ ಫೋರ್ ಸ್ಟ್ರೋಕ್, ಆಯಿಲ್ ಮಿಕ್ಸ್ ಮಾಡೋ ರಗಳೆ ಇಲ್ಲ.

ಈಗ ಲೆಕ್ಕ

26 ಇಂಚಿನ ಟೈರ್ ಒಂದು ಸುತ್ತು ಹಾಕಿದ್ರೆ ಸುಮಾರು 2.07 ಮೀಟರ್ ಹೋಗುತ್ತೆ, ಡೌಟ್ ಇದ್ರೆ ಟೈರ್‌ಗೆ ಸೀಮೆಸುಣ್ಣದ ಗುರುತು ಹಾಕಿ ನೆಲದ ಮೇಲೆ ಉರುಳಿಸಿ ಟೇಪ್ ಹಿಡೀರಿ. ಆಮೇಲೆ ಇಂಜಿನ್ನಿಂದ ಚಕ್ರಕ್ಕೆ ಒಟ್ಟು ರೇಶಿಯೋ ಎಷ್ಟು, ಅಂದ್ರೆ ಚಕ್ರ ಒಂದು ಸುತ್ತು ಹಾಕೋಕೆ ಇಂಜಿನ್ ಎಷ್ಟು ಸುತ್ತು ತಿರುಗ್ಬೇಕು ನೋಡಿ. 5:1 ಗೇರ್‌ಬಾಕ್ಸ್ ಇದ್ದು, ಅದ್ರ ಮುಂದಿನ ಸ್ಪ್ರಾಕೆಟ್ 10 ಹಲ್ಲು, ಹಿಂದಿನದು 44 ಹಲ್ಲು ಅಂದ್ರೆ 5 ಗುಣಿಸು 4.4, ಅಂದ್ರೆ 22. ಇಂಜಿನ್ ಆರ್‌ಪಿಎಂನ (ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದನ್ನ) ಆ 22ರಿಂದ ಭಾಗಿಸಿ, 2.07ರಿಂದ ಗುಣಿಸಿ, 60ರಿಂದ ಗುಣಿಸಿ, 1000ದಿಂದ ಭಾಗಿಸಿದ್ರೆ ಗಂಟೆಗೆ ಎಷ್ಟು ಕಿ.ಮೀ. ಅಂತ ಬರುತ್ತೆ. 7000 ಆರ್‌ಪಿಎಂಗೆ 39 ಚಿಲ್ಲರೆ. ವಾಹ್ ಅನ್ಸುತ್ತೆ, ಅಲ್ಲೇ ಎಲ್ರೂ ಲೆಕ್ಕ ನಿಲ್ಲಿಸಿಬಿಡ್ತಾರೆ.

ಆದ್ರೆ ಟಾಪ್ ಸ್ಪೀಡ್ ಅಲ್ಲ, ಕ್ಲಚ್ ಹಿಡಿಯೋ ಸ್ಪೀಡ್ ನೋಡ್ಬೇಕು. ಸೆಂಟ್ರಿಫ್ಯೂಗಲ್ ಕ್ಲಚ್ ಒಳಗೆ ಎರಡೋ ಮೂರೋ ಶೂ ಇರುತ್ತೆ, ಸ್ಪ್ರಿಂಗ್ ಅವನ್ನ ಒಳಗೆ ಎಳ್ಕೊಂಡಿರುತ್ತೆ, ಇಂಜಿನ್ ಜೋರಾಗಿ ತಿರುಗಿದಾಗ ಶೂ ಹೊರಕ್ಕೆ ಸಿಡಿದು ಸುತ್ತ ಇರೋ ಬೆಲ್ ಅನ್ನೋ ಡ್ರಮ್ಮನ್ನ ಒತ್ತಿ ಹಿಡ್ಕೊಳ್ಳುತ್ತೆ. ಕಳೆ ಮಷಿನ್ ಕ್ಲಚ್ ಸಾಮಾನ್ಯವಾಗಿ 3500 ದಾಟಿದ್ಮೇಲೆ ಹಿಡಿಯೋದು, ಗಟ್ಟಿಯಾಗಿ ಕೂರೋವಾಗ 4000 ಅಂತಿಟ್ಕೊಳ್ಳಿ. ಅದೇ ಲೆಕ್ಕಕ್ಕೆ 4000 ಹಾಕಿ ನೋಡಿ, 22 ರೇಶಿಯೋದಲ್ಲಿ 22.6 ಕಿ.ಮೀ. ಬರುತ್ತೆ. ಅಂದ್ರೆ ನಿಮ್ಮ ಗಾಡಿ 22 ಕಿ.ಮೀ. ವೇಗ ಮುಟ್ಟೋ ತನಕ ಕ್ಲಚ್ ಜಾರ್ತಾನೇ ಇರುತ್ತೆ, ಏರಲ್ಲಿ 12ರಲ್ಲಿ ಹೋಗ್ತಿದೀರಾ ಅಂದ್ರೆ ಅಷ್ಟೂ ಹೊತ್ತು ಶೂ ಬೆಲ್ಲಿಗೆ ಉಜ್ಜಿ ಉಜ್ಜಿ ಬಿಸಿಯಾಗ್ತಿರುತ್ತೆ. ವಾಸನೆ ಬಂದಿದ್ದು ಅದಕ್ಕೇ. ಇಂಜಿನ್ ತಪ್ಪಲ್ಲ, ಕ್ಲಚ್ ಡೂಪ್ಲಿಕೇಟೂ ಅಲ್ಲ.

ಈಗ ಹಿಂದೆ 60 ಹಲ್ಲಿನ ಸ್ಪ್ರಾಕೆಟ್ ಹಾಕಿ ರೇಶಿಯೋನ 30 ಮಾಡಿ. ಕ್ಲಚ್ ಹಿಡಿಯೋದು 16.6ಕ್ಕೆ ಇಳೀತು, ಟಾಪ್ 29ಕ್ಕೆ ಇಳೀತು. ಸೈಕಲ್ ಬ್ರೇಕಿಗೆ 29 ಕಿ.ಮೀ. ಬೇಕಾದಷ್ಟಾಯ್ತು ಬಿಡಿ.

ಏರಿಂದೂ ಒಂದು ಲೆಕ್ಕ ಹಾಕ್ಬಿಡಿ. ನೂರು ಮೀಟರ್ ಹೋದ್ರೆ ಹತ್ತು ಮೀಟರ್ ಏರೋ ದಾರಿ, ಗಾಡಿ ಮತ್ತೆ ನೀವು ಸೇರಿ 110 ಕೆ.ಜಿ., ಚಕ್ರದ ಹತ್ರ ಸುಮಾರು 39 ನ್ಯೂಟನ್ ಮೀಟರ್ ಟಾರ್ಕ್ ಬೇಕು. ಜಿಎಕ್ಸ್35ರ 1.6ನ್ನ 22ರಿಂದ ಗುಣಿಸಿ, ಚೈನು ಗೇರು ತಿನ್ನೋದನ್ನ ಕಳೆದ್ರೆ 30 ಬರುತ್ತೆ, ಸಾಲಲ್ಲ. 30 ರೇಶಿಯೋಗೆ 40ರ ಆಸುಪಾಸು, ಕುಯ್ಯೋ ಮುರ್ರೋ ಅಂತ ಹತ್ತುತ್ತೆ, ನಡುವೆ ಎರಡು ಪೆಡಲ್ ತುಳಿದ್ರೆ ಆರಾಮು. ಹಿಂದೆ ಲೂನಾ ಓಡಿಸಿದವರಿಗೆ ಇದು ಗೊತ್ತೇ ಇದೆ, ಅದಕ್ಕೂ ಒಂದೇ ಸ್ಪೀಡು, ಏರು ಬಂದ್ರೆ ಸವಾರನ ಕಾಲೇ ಎರಡನೇ ಗೇರು.

ಹಂಗಾದ್ರೆ ಯಾರಿಗೆ ಯಾವ್ದು

ಸಿಂಧನೂರು, ಗಂಗಾವತಿ ಕಡೆಯ ಬಯಲು, ಮಂಡ್ಯದ ಚಾನೆಲ್ ಏರಿ ದಾರಿ, ಇಲ್ಲೆಲ್ಲಾ ಒಂದೇ ಸ್ಪೀಡಿನ ಸೆಂಟ್ರಿಫ್ಯೂಗಲ್ ಕ್ಲಚ್ ಬಿಟ್ಟು ಬೇರೇದು ಯೋಚ್ನೆನೇ ಮಾಡ್ಬೇಡಿ. ಟಿವಿಎಸ್ ಎಕ್ಸ್‌ಎಲ್ 100 ಇವತ್ತಿಗೂ ಮೂಟೆ ಹೊತ್ಕೊಂಡು ಓಡ್ತಿರೋದು ಇದೇ ಪದ್ಧತೀಲಿ. ಸೈಕಲ್ಲಲ್ಲಿ ಒಂದೇ ತೊಂದ್ರೆ, ಈ ಕ್ಲಚ್ ಇದ್ರೆ ತಳ್ಳಿ ಸ್ಟಾರ್ಟ್ ಮಾಡೋಕಾಗಲ್ಲ, ಹಗ್ಗ ಎಳೆಯೋ ರಿಕಾಯಿಲ್ ಸ್ಟಾರ್ಟರ್ ಬೇಕೇ ಬೇಕು. ಕೈ ಕ್ಲಚ್ ಇರೋ ಟು ಸ್ಟ್ರೋಕ್ ಕಿಟ್‌ಗೆ ಸ್ಟಾರ್ಟರ್ ಇಲ್ದೆ ಆಟೋಮ್ಯಾಟಿಕ್ ಕ್ಲಚ್ ಮಾತ್ರ ತಂದು ಹಾಕಿದವ್ರು ಆಮೇಲೆ ತಲೆ ಕೆರ್ಕೊಂಡು ಕೂರ್ತಾರೆ.

ದಾರೀಲಿ ಏರೂ ಇದೆ ಬಯಲೂ ಇದೆ, ಸಕಲೇಶಪುರ ಕೊಪ್ಪದ ಕಡೆಯ ಥರ, ಅಂದ್ರೆ ಸಿವಿಟಿ ಮಾತು ಬರುತ್ತೆ. ಕೈನೆಟಿಕ್ ಹೋಂಡಾ 1984ರಲ್ಲಿ ಬಂದಾಗಿಂದ ನಮ್ಮ ಸ್ಕೂಟರ್ ಮೆಕ್ಯಾನಿಕ್‌ಗಳಿಗೆ ಇದು ಚೆನ್ನಾಗೇ ಗೊತ್ತು. ಮುಂದಿನ ಪುಲ್ಲಿ ಒಳಗೆ ರೋಲರ್‌ಗಳಿರುತ್ತೆ, ಸ್ಪೀಡ್ ಏರಿದಂಗೆ ಅವು ಹೊರಕ್ಕೆ ಸರಿದು ಪುಲ್ಲಿಯ ಎರಡು ಬದಿನ ಹತ್ರ ತಳ್ಳುತ್ತೆ, ನಡುವಿನ ಬೆಲ್ಟ್ ಮೇಲಕ್ಕೇರುತ್ತೆ. ಹಿಂದಿನ ಪುಲ್ಲೀಲಿ ಉಲ್ಟಾ, ಬೆಲ್ಟ್ ಸ್ಪ್ರಿಂಗನ್ನ ಒತ್ಕೊಂಡು ಒಳಕ್ಕಿಳಿಯುತ್ತೆ. ರೇಶಿಯೋ ತಾನಾಗೇ ಬದಲಾಯ್ತು. ರೋಲರ್ ಹಗುರ ಹಾಕಿದ್ರೆ ಇಂಜಿನ್ ಜಾಸ್ತಿ ಆರ್‌ಪಿಎಂ ಹಿಡ್ಕೊಂಡು ಏರು ಎಳೆಯುತ್ತೆ, ಭಾರ ಹಾಕಿದ್ರೆ ಬೇಗ ಟಾಪಿಗೆ ಹೋಗಿ ಶಬ್ದ ಕಮ್ಮಿ ಆಗುತ್ತೆ, ಪಿಕಪ್ಪೂ ಕಮ್ಮಿ.

ಆದ್ರೆ ಗುಜರಿ ಸ್ಕೂಟಿಯ ಸಿವಿಟಿ ಕಿತ್ತು ತರ್ತೀನಿ ಅಂತ ಹೊರಡ್ಬೇಡಿ. ಸ್ಕೂಟರಲ್ಲಿ ಇಂಜಿನ್, ಬೆಲ್ಟ್ ಕೇಸು, ಹಿಂದಿನ ಗೇರು ಎಲ್ಲಾ ಒಂದೇ ಎರಕ, ಪುಲ್ಲಿ ಮಾತ್ರ ತಂದ್ರೆ ಅದನ್ನ ಕೂರಿಸೋಕೆ ಲೇತ್ ಕೆಲಸ, ಬೇರಿಂಗ್, ಹೊಸ ಶಾಫ್ಟು ಅಂತ ಇಂಜಿನ್ನಿಗಿಂತ ಜಾಸ್ತಿ ಖರ್ಚು. ಗೋಕಾರ್ಟಿಗೆ ಹಾಕೋ 30 ಸೀರೀಸ್ ಟಾರ್ಕ್ ಕನ್ವರ್ಟರ್ ಅಂತ ಬೇರೆ ಸಿಗುತ್ತೆ, ಅದೂ ಬೆಲ್ಟ್ ಸಿವಿಟಿನೇ, ಕಾರಲ್ಲಿರೋ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್‌ಗೂ ಇದಕ್ಕೂ ಸಂಬಂಧ ಇಲ್ಲ. 2.7:1ರಿಂದ 0.9:1 ತನಕ ಹೋಗುತ್ತೆ, ಅಂದ್ರೆ ಮೂರು ಪಟ್ಟು ವ್ಯತ್ಯಾಸ, ಕೇಳೋಕೆ ಚೆನ್ನಾಗಿದೆ. ಆದ್ರೆ ಅದು 200 ಸಿಸಿ ಆಸುಪಾಸಿನ ಪಂಪ್‌ಸೆಟ್ ಥರದ ಇಂಜಿನ್ನಿಗೆ ಮಾಡಿದ್ದು, ಮುಕ್ಕಾಲು ಇಂಚಿನ ಶಾಫ್ಟ್ ಕೇಳುತ್ತೆ. ಒಂದೂ ಕಾಲು ಎಚ್‌ಪಿಯ ಪುಟಾಣಿ ಇಂಜಿನ್ನಿಗೆ ಕಟ್ಟಿದ್ರೆ ಬೆಲ್ಟ್ ಬಗ್ಗಿಸೋದ್ರಲ್ಲೇ ಪವರ್ ಸೋರಿಹೋಗುತ್ತೆ. ಜೊತೆಗೆ ಮಲೆನಾಡಿನ ಮಳೇಲಿ ಕವರ್ ಇಲ್ಲದ ಬೆಲ್ಟ್ ನೆನೆದ್ರೆ ಜಾರುತ್ತೆ. ಹಂಗಾಗಿ ಬೆಲ್ಟ್ ಸಿವಿಟಿ ಬೇಕು ಅಂದ್ರೆ 49 ಸಿಸಿ ಮೇಲಿನ ಇಂಜಿನ್ನು, ಗಟ್ಟಿ ಸ್ಟೀಲ್ ಫ್ರೇಮು, ಮುಚ್ಚಿದ ಕೇಸು ಮೂರೂ ಇರ್ಲಿ. ಇಲ್ಲಾಂದ್ರೆ ಬೇಡ.

ಏರು ತಗ್ಗಿನ ದಾರಿಗೆ ನಾನು ಹೇಳೋದು ಬೇರೆ. ಇಂಜಿನ್ನಿನ ಸೆಂಟ್ರಿಫ್ಯೂಗಲ್ ಕ್ಲಚ್ ಹಂಗೇ ಇಟ್ಕೊಂಡು, ಪವರ್‌ನ ನಡುವೆ ಒಂದು ಶಾಫ್ಟ್ ಮೂಲಕ ಪೆಡಲ್ ಚೈನಿಗೇ ಕೊಡಿ. ಆಗ ಗೇರ್ ಸೈಕಲ್ಲಿನ ಹಿಂದಿನ ಗೇರೆಲ್ಲಾ ಇಂಜಿನ್ನಿಗೂ ಸಿಗುತ್ತೆ. ಬೆರಳಲ್ಲಿ ಗೇರ್ ಬದಲಾಯಿಸ್ಬೇಕು ನಿಜ, ಪೂರ್ತಿ ಆಟೋಮ್ಯಾಟಿಕ್ ಅಲ್ಲ, ಆದ್ರೆ ಕೈಯಲ್ಲಿ ಕ್ಲಚ್ ಒತ್ತೋ ತಾಪತ್ರಯ ಇಲ್ಲ, ದೊಡ್ಡ ಹಲ್ಲಿಗೆ ಹಾಕಿದ್ರೆ 10 ಕಿ.ಮೀ. ಒಳಗೇ ಕ್ಲಚ್ ಗಟ್ಟಿಯಾಗಿ ಕೂರೋ ಹಂಗೆ ಮಾಡ್ಕೋಬೋದು. ಪೆಡಲ್ ಕ್ರ್ಯಾಂಕ್ ಹತ್ರ ಫ್ರೀವೀಲ್ (ಒಂದೇ ಕಡೆಗೆ ಹಿಡಿಯೋ ಹಲ್ಲಿನ ಚಕ್ರ) ಮಾತ್ರ ಮರೀಬೇಡಿ, ಇಲ್ದಿದ್ರೆ ಇಂಜಿನ್ ಜೊತೆ ಪೆಡಲ್ಲೂ ತಿರುಗಿ ಕಾಲಿಗೆ ಬಾರಿಸುತ್ತೆ.

ಹಬ್ ಒಳಗೇ ತಾನಾಗಿ ಗೇರ್ ಬೀಳೋ ಸಾಮಾನೂ ಇದೆ. ಸ್ರ್ಯಾಮ್ ಕಂಪನಿ ಹಿಂದೆ ಮಾಡ್ತಿದ್ದ ಆಟೋಮ್ಯಾಟಿಕ್ಸ್ ಎರಡು ಸ್ಪೀಡಿಂದು, ಎರಡನೇ ಗೇರಲ್ಲಿ ಚಕ್ರ ಮೊದಲಿನದಕ್ಕಿಂತ ಮೂರನೇ ಒಂದು ಭಾಗಕ್ಕಿಂತ ಚೂರು ಜಾಸ್ತಿ ವೇಗವಾಗಿ ತಿರುಗುತ್ತೆ. ಎನ್ವಿಯೋಲೋ ಅಂತ ಈಗ ಕರೆಯೋ ಹಳೇ ನುವಿಂಚಿ ಹಬ್ಬಿನೊಳಗೆ ಉಕ್ಕಿನ ಗುಂಡುಗಳು ವಾಲಾಡಿ ರೇಶಿಯೋ ಬದಲಾಯಿಸುತ್ತೆ, ಮೆಟ್ಟಿಲೇ ಇಲ್ಲ. ಕರೆಂಟ್ ಸೈಕಲ್ಲಿಗೆ, ಅದೂ ಪೆಡಲ್ ಹತ್ರ ಮೋಟರ್ ಇರೋ ಮಾದರಿಗೆ ಚೆಂದ. ಪೆಟ್ರೋಲ್ ಇಂಜಿನ್ನಿನ ಜರ್ಕಿಗೆ ಅವನ್ನ ಮಾಡಿಲ್ಲ, ಅಷ್ಟು ದುಬಾರಿ ಹಬ್ಬನ್ನ ಹಾಳು ಮಾಡೋಕೆ ಮನಸ್ಸಿದ್ರೆ ಮಾತ್ರ ಕೈ ಹಾಕಿ.

ಜೋಡಿಸಿದ್ಮೇಲೆ

ನಿಮ್ಮ ದಾರಿಯ ಅತಿ ಕೆಟ್ಟ ಏರನ್ನ ಒಂದ್ಸಲ ಹತ್ತಿ, ಇಂಜಿನ್ ಆಫ್ ಮಾಡಿ, ಬೆಲ್ ಮೇಲೆ ಎರಡು ಹನಿ ನೀರು ಹಾಕಿ. ಚುಂಯ್ ಅಂತ ಆವಿಯಾದ್ರೆ ಕ್ಲಚ್ ಜಾರ್ತಿದೆ ಅಂತ ಅರ್ಥ. ಬೆಲ್ ಬಣ್ಣ ನೀಲಿಗೆ ತಿರುಗಿದ್ರೆ ಅದು ಬಹಳ ದಿನದಿಂದ ಜಾರ್ತಿದೆ, ಶೂ ಮೇಲ್ಮೈ ಗಾಜಿನ ಥರ ಮಿಂಚ್ತಿರುತ್ತೆ, ಮರಳು ಕಾಗದದಲ್ಲಿ ಉಜ್ಜಿ, ಆಯಿಲ್ ಸೀಲ್ ಸೋರ್ತಿದೆಯಾ ನೋಡಿ. ಗಟ್ಟಿ ಸ್ಪ್ರಿಂಗ್ ಹಾಕಿದ್ರೆ ಸರಿಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಗಟ್ಟಿ ಸ್ಪ್ರಿಂಗಲ್ಲಿ ಕ್ಲಚ್ ಇನ್ನೂ ಮೇಲಿನ ಆರ್‌ಪಿಎಂಗೆ ಹಿಡಿಯುತ್ತೆ, ಏರಲ್ಲಿ ಇನ್ನೂ ಜಾಸ್ತಿ ಜಾರುತ್ತೆ. ಅದ್ರ ಬದ್ಲು ಹಿಂದಿನ ಸ್ಪ್ರಾಕೆಟ್ಟಿಗೆ ಇನ್ನೊಂದು ಆರೆಂಟು ಹಲ್ಲು ಸೇರಿಸಿ, 4000ದ ಲೆಕ್ಕನ ಮತ್ತೆ ಹಾಕಿ, ಅದೇ ಏರನ್ನ ಇನ್ನೊಂದ್ಸಲ ಹತ್ತಿ ನೋಡಿ.