ಬೆರಳು ಹೋಗದ ಟ್ರೇ

ಖಾಲಿ ಟ್ರೇ ಯಾವಾಗಲೂ ಚೆನ್ನಾಗೇ ಕಾಣುತ್ತದೆ. ಆಪ್ಟಿಕಲ್ ಫೈಬರ್ ಕೇಬಲ್ಲುಗಳನ್ನು ಜೋಡಿಸುವ ಪೆಟ್ಟಿಗೆಯ ನನ್ನ ಮೊದಲ ಮಾದರಿಯೂ ಹಾಗೇ ಇತ್ತು. ಎತ್ತರ 1ಯು (ಉಪಕರಣ ಕೂರಿಸುವ ರ‍್ಯಾಕಿನ ಒಂದು ಅಳತೆ), ಅಂದರೆ 44.45 ಮಿ.ಮೀ. ಅಷ್ಟರೊಳಗೆ ಒಂದರ ಮೇಲೊಂದು ಮೂರು ಜಾರುವ ಟ್ರೇ, ಪ್ರತಿ ಟ್ರೇಯಲ್ಲಿ 24 ಡ್ಯೂಪ್ಲೆಕ್ಸ್ ಎಲ್‌ಸಿ ಪೋರ್ಟ್. ಎಲ್‌ಸಿ ಅಂದರೆ ಒಂದು ಬಗೆಯ ಪುಟ್ಟ ಕನೆಕ್ಟರ್, ಡ್ಯೂಪ್ಲೆಕ್ಸ್ ಅಂದರೆ ಪೋರ್ಟಿಗೆ ಎರಡು ಫೈಬರ್. ಒಟ್ಟು 144 ಫೈಬರ್. ಕಂಪ್ಯೂಟರಿನಲ್ಲಿ ತಿರುಗಿಸಿ ತಿರುಗಿಸಿ ನೋಡಿ ಖುಷಿಪಟ್ಟಿದ್ದೆ. ಆ ಚಿತ್ರದಲ್ಲಿ ಒಂದು ಕೇಬಲ್ಲೂ ಇರಲಿಲ್ಲ, ಅದೇ ತಪ್ಪು.

ಮಾದರಿ ಕೈಗೆ ಬಂದ ದಿನ 72 ಪ್ಯಾಚ್ ಕಾರ್ಡ್ (ತುದಿಗಳಲ್ಲಿ ಕನೆಕ್ಟರ್ ಇರುವ ತುಂಡು ಕೇಬಲ್) ತುಂಬಿಸಿದೆವು. ಬಹಳ ವರ್ಷ ಫೀಲ್ಡಿನಲ್ಲಿ ದುಡಿದ ಟೆಕ್ನಿಶಿಯನ್ ಒಬ್ಬರು ಪಕ್ಕದಲ್ಲಿದ್ದರು. "ಸಾರ್, ನಡುವಿನ ಟ್ರೇಯ ಹದಿನೇಳನೇದನ್ನ ನೀವೇ ಬಿಚ್ಚಿ ತೋರ್ಸಿ" ಅಂದರು. ಪೋರ್ಟಿನ ಅಗಲ ಸುಮಾರು 13 ಮಿ.ಮೀ., ನನ್ನ ತೋರುಬೆರಳೇ 17. ಕನೆಕ್ಟರನ್ನು ಹಿಡಿದಿಡುವ ಒಂದು ಲ್ಯಾಚ್ ಒತ್ತಲು ಹೋಗಿ ಪಕ್ಕದ್ದನ್ನೂ ಒತ್ತಿಬಿಟ್ಟೆ. ಹದಿನೆಂಟನೇ ಕನೆಕ್ಟರ್ ಅರ್ಧ ಹೊರಬಂತು. ಅವರು ಏನೂ ಹೇಳಲಿಲ್ಲ, ಸುಮ್ನೆ ನಕ್ಕರು.

ಬೆರಳಿನ ತಾಪತ್ರಯ ಬೇಗ ಬಗೆಹರಿಯಿತು. ಹಿಂದಕ್ಕೆ ಉದ್ದನೆಯ ಪಟ್ಟಿ ಇರುವ ಕನೆಕ್ಟರ್ ತಂದೆವು. ಪಟ್ಟಿ ಎಳೆದರೆ ಲ್ಯಾಚ್ ತಾನೇ ಬಿಡುತ್ತದೆ. ಜೋಡಿ ಎಳೆಯ ಕಾರ್ಡಿನ ಬದಲು ಎರಡೂ ಫೈಬರ್ ಒಂದೇ 2 ಮಿ.ಮೀ. ದುಂಡು ಕವಚದಲ್ಲಿ ಬರುವ ಕಾರ್ಡ್ ಹಾಕಿದೆವು. 144 ಎಳೆ ಇದ್ದ ಕಡೆ 72 ಆಯಿತು.

ನಿಜವಾಗಿ ತಲೆ ಕೆಡಿಸಿದ್ದು ಟ್ರೇ ಎಳೆಯುವ ಕೆಲಸ. ಟ್ರೇ 120 ಮಿ.ಮೀ. ಮುಂದೆ ಬಂದರೆ ಅದರ ಕೇಬಲ್ಲುಗಳೂ ಅಷ್ಟು ಮುಂದೆ ಬರಬೇಕು. ಹಾಗಂತ ಸಡಿಲ ಬಿಟ್ಟರೆ ಒಳಗೆ ತಳ್ಳುವಾಗ ಎಲ್ಲೋ ಮಡಚಿ ಸಿಕ್ಕಿಕೊಳ್ಳುತ್ತವೆ. ಬಿಗಿ ಮಾಡಿದರೆ ಕನೆಕ್ಟರ್ ಕೂರುವ ಅಡಾಪ್ಟರಿನ ಬಾಯಲ್ಲಿ ಎಳೆತ. ಎರಡನ್ನೂ ಮಾಡಿ ಕೆಟ್ಟೆ. ಕೊನೆಗೆ ಕೇಬಲ್ ಗುಂಪನ್ನು ಟ್ರೇಯ ಪಕ್ಕದಲ್ಲಿ ಯು ಆಕಾರಕ್ಕೆ ಬಾಗಿಸಿದೆ. ಒಂದು ತುದಿ ಪೆಟ್ಟಿಗೆಗೆ, ಇನ್ನೊಂದು ತುದಿ ಟ್ರೇಗೆ. ಹೀಗಿದ್ದಾಗ ಟ್ರೇ 120 ಬಂದರೆ ಬಾಗು 60 ಮಾತ್ರ ಬರುತ್ತದೆ. ಹಾಗಾಗಿ ಬಾಗನ್ನು ಹಿಡಿದಿರುವ ಗೈಡ್‌ಗೆ ಒಂದು ಪುಟ್ಟ ಹಲ್ಲಿನ ಚಕ್ರ ಕೂರಿಸಿದೆವು. ಅದರ ಒಂದು ಪಕ್ಕ ಪೆಟ್ಟಿಗೆಯ ಹಲ್ಲಿನ ಪಟ್ಟಿಗೆ, ಇನ್ನೊಂದು ಪಕ್ಕ ಟ್ರೇಯ ಹಲ್ಲಿನ ಪಟ್ಟಿಗೆ ಕಚ್ಚಿಕೊಂಡಿರುತ್ತದೆ. ಗೈಡ್ ತಾನಾಗೇ ಟ್ರೇಯ ಅರ್ಧ ವೇಗದಲ್ಲಿ ಓಡುತ್ತದೆ. ಕೇಬಲ್ ಬಿಗಿಯೂ ಇಲ್ಲ, ಸಡಿಲವೂ ಇಲ್ಲ. ಇದು ನಾನು ಕಂಡುಹಿಡಿದದ್ದೇನಲ್ಲ, ಈ ಉಪಾಯ ಮೊದಲಿಂದಲೂ ಇದೆ. ನನಗೆ ತಡವಾಗಿ ಹೊಳೆಯಿತು ಅಷ್ಟೇ.

ಪಕ್ಕದಲ್ಲಿ ಜಾಗ ಹೇಗೆ ಸಿಕ್ಕಿತು? ರ‍್ಯಾಕಿನ ಒಳ ಅಗಲ ಸುಮಾರು 450 ಮಿ.ಮೀ. ಪೋರ್ಟುಗಳಿಗೇ 312 ಹೋಯಿತು. ಎರಡೂ ಬದಿಗೆ 69ರಂತೆ ಉಳಿಯಿತು. ಎಡದ 12 ಕಾರ್ಡ್ ಎಡಕ್ಕೆ, ಬಲದ 12 ಬಲಕ್ಕೆ. ಯಾವುದೂ ಇನ್ನೊಂದರ ಮುಂದೆ ಹಾಯುವುದಿಲ್ಲ. ಬಾಗಿನ ಒಳ ಅಂಚಿಗೆ 20 ಮಿ.ಮೀ. ತ್ರಿಜ್ಯ ಇಟ್ಟೆ, ಕಾರ್ಡಿನ ವ್ಯಾಸದ ಹತ್ತರಷ್ಟು. ಹೆಚ್ಚು ಬಗ್ಗುವ ಬಗೆಯ ಜಿ.657.ಎ2 ಫೈಬರ್ 7.5 ಮಿ.ಮೀ. ತ್ರಿಜ್ಯಕ್ಕೂ ಬಾಗುತ್ತದಲ್ವಾ ಅಂತ ಒಬ್ಬರು ವಾದಿಸಿದರು. ನಿಜ, ಆದರೆ ಗ್ರಾಹಕರು ಹಳೆಯ ಜಿ.652 ಕಾರ್ಡನ್ನೇ ಚುಚ್ಚಿದರೆ? ಅದಕ್ಕೆ 30 ಬೇಕು. ಅಷ್ಟು ಜಾಗ ನನಗೆ ಹೊಂದಿಸಲು ಆಗಲಿಲ್ಲ. ಕಡೆಗೆ, ಹೆಚ್ಚು ಬಗ್ಗುವ ಕಾರ್ಡನ್ನೇ ಬಳಸಬೇಕು ಅಂತ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಬರೆಸಿದೆ. ಈ ರಾಜಿ ಇವತ್ತಿಗೂ ಚುಚ್ಚುತ್ತದೆ.

ಪರೀಕ್ಷೆಯಲ್ಲೂ ಒಮ್ಮೆ ಮೋಸ ಹೋದೆ. 1310 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಹಾಯಿಸಿ ಟ್ರೇ ಎಳೆದಾಗ ಬೆಳಕು ಅಳೆಯುವ ಮೀಟರ್ ಅಲುಗಲಿಲ್ಲ. ಅದೇ ಟ್ರೇ 1625ರಲ್ಲಿ ನಷ್ಟ ತೋರಿಸಿತು. ಅಲೆಯ ಉದ್ದ ಜಾಸ್ತಿಯಾದಷ್ಟೂ ಬಾಗಿದ ಕಡೆ ಬೆಳಕು ಹೆಚ್ಚು ಸೋರುತ್ತದೆ. ಹುಡುಕಿದರೆ ಗೈಡಿನ ಅಂಚಿನಲ್ಲಿ ಒಂದು ಕಾರ್ಡ್ ಒತ್ತಿಕೊಂಡಿತ್ತು. ಅಂಚು ದುಂಡಗೆ ಮಾಡಿಸಿದೆ. ಈಗ ಟ್ರೇ ಪೂರ್ತಿ ತುಂಬಿ, 1550 ಮತ್ತು 1625 ಎರಡರಲ್ಲೂ ಎಳೆದು ತಳ್ಳಿ ನೋಡದೆ ನಾನು ಸಹಿ ಹಾಕುವುದಿಲ್ಲ.

ಲೇಬಲ್ಲುಗಳನ್ನು ಟ್ರೇಯ ಮುಂದಿನ ತುಟಿಗೆ ತಂದೆವು. ಮೊದಲು ಪೋರ್ಟಿನ ಮೇಲೇ ಇದ್ದವು, ಕೇಬಲ್ ತುಂಬಿದ ಮೇಲೆ ಒಂದೂ ಕಾಣುತ್ತಿರಲಿಲ್ಲ.

ಆ ಟೆಕ್ನಿಶಿಯನ್ನರನ್ನು ಮತ್ತೆ ಕರೆದೆ. ಕೈಗವಸು ಹಾಕಿಕೊಂಡೇ ಹದಿನೇಳನೇದನ್ನು ಬಿಚ್ಚಿ ವಾಪಸ್ ಹಾಕಿದರು. ಹದಿನೆಂಟರ ಮೀಟರ್ ಅಲುಗಲಿಲ್ಲ. "ಬಾಗಿಲಿನ ಚಿಲಕ ಮಾತ್ರ ತುಂಬಾ ಬಿಗಿ ಸಾರ್" ಅಂದು ಹೊರಟರು.