ಹುಳ ಕೊಲ್ಲೋ ಬೂಷ್ಟು: ಹೊಡೆಯೋದು ಹೇಗೆ, ಎಲ್ಲಿ ಹೊಡೀಲೇಬಾರ್ದು

ಟೊಮೆಟೊಗೆ, ಕೋಸಿಗೆ ಎಷ್ಟು ಕೆಮಿಕಲ್ ಹೊಡೆದ್ರೂ ಬಿಳಿನೊಣ, ಗಿಡಹೇನು ಹೋಗ್ತಿಲ್ಲ ಅಂತ ಕೋಲಾರ, ಚಿಕ್ಕಬಳ್ಳಾಪುರ ಕಡೆ ಬೇಜಾನ್ ಜನ ಈಗ ಬ್ಯುವೇರಿಯಾ, ಮೆಟರೈಜಿಯಂ, ವರ್ಟಿಸಿಲಿಯಂ ಅನ್ನೋ ಹುಳ ಕೊಲ್ಲೋ ಬೂಷ್ಟಿನ ಪುಡಿ ತರ್ತಿದ್ದಾರೆ. ಒಳ್ಳೇದೇ, ಆದ್ರೆ ಇದು ಜೀವ ಇರೋ ಶಿಲೀಂಧ್ರ, ಮಾಮೂಲಿ ಔಷಧಿ ಹೊಡ್ದಂಗೆ ಹೊಡೆದ್ರೆ ದುಡ್ಡು ಮಣ್ಣುಪಾಲು.

ಎಲ್ಲಕ್ಕಿಂತ ಮೊದ್ಲು ಅಕ್ಕಪಕ್ಕ ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಸಾಕೋ ಮನೆ ಇದ್ಯಾ ನೋಡ್ಕೊಳ್ಳಿ. ಶಿಡ್ಲಘಟ್ಟ, ಚಿಂತಾಮಣಿ ಕಡೆಯೋರಂತೂ ಇದನ್ನ ನೋಡ್ದೆ ಪಂಪ್ ಮುಟ್ಲೇಬೇಡಿ. ರೇಷ್ಮೆ ಹುಳಕ್ಕೆ ಸುಣ್ಣಕಟ್ಟು ರೋಗ ಬರುತ್ತಲ್ಲ, ಸತ್ತ ಹುಳ ಸೀಮೆಸುಣ್ಣದ ತುಂಡಿನ ಥರ ಬೆಳ್ಳಗೆ ಗಟ್ಟಿಯಾಗ್ಬಿಡುತ್ತೆ, ಅದಕ್ಕೆ ಕಾರಣ ಇದೇ ಬ್ಯುವೇರಿಯಾ. 1835ರಲ್ಲಿ ಇಟಲಿಯ ಅಗೊಸ್ಟಿನೊ ಬಾಸ್ಸಿ ಆ ರೋಗ ಬರೋದು ಶಿಲೀಂಧ್ರದಿಂದ ಅಂತ ತೋರಿಸಿದ್ದೇ ರೇಷ್ಮೆ ಹುಳದಲ್ಲಿ. ಮೆಟರೈಜಿಯಂನಿಂದ್ಲೂ ಹಸಿರು ಸುಣ್ಣಕಟ್ಟು ಬರುತ್ತೆ. ಗಾಳಿಗೆ ಹಾರಿ ಸೊಪ್ಪಿನ ಮೇಲೆ ಕೂತ್ರೆ ಪಕ್ಕದ ಮನೆಯೋರ ಇಡೀ ಬೆಳೆ ಹೋಗುತ್ತೆ, ಹಾಗಾಗಿ ರೇಷ್ಮೆ ಇರೋ ಕಡೆ ಇದು ಬೇಡ್ವೇ ಬೇಡ, ಹಳದಿ ಅಂಟು ಕಾರ್ಡಲ್ಲೇ ನಿಭಾಯಿಸಿ.

ರೇಷ್ಮೆ ಇಲ್ಲ ಅಂತ ಗ್ಯಾರಂಟಿ ಆದ್ಮೇಲೆ ಪುಡಿ ತನ್ನಿ. ತಯಾರಾದ ದಿನ, ಎಕ್ಸ್‌ಪೈರಿ ನೋಡಿ, ಅಂಗಡಿ ಮುಂದೆ ಬಿಸಿಲಲ್ಲಿಟ್ಟಿರೋ ಪಾಕೆಟ್ ಬೇಡ. ಬಿಳಿನೊಣ, ಗಿಡಹೇನಿಗೆ ವರ್ಟಿಸಿಲಿಯಂ, ಎಲೆ ತಿನ್ನೋ ಹುಳಕ್ಕೆ ಬ್ಯುವೇರಿಯಾ, ಮಣ್ಣಲ್ಲಿರೋ ಗೊಣ್ಣೆ ಹುಳಕ್ಕೆ ಮೆಟರೈಜಿಯಂ. ಗೊಣ್ಣೆ ಹುಳಕ್ಕಾದ್ರೆ ಸ್ಪ್ರೇ ಮಾಡೋದಲ್ಲ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ತೇವ ಆರದಂಗೆ ಗೋಣಿಚೀಲ ಮುಚ್ಚಿ ಒಂದೆರಡು ವಾರ ಇಟ್ಟು ಬುಡಕ್ಕೆ ಹಾಕೋದು.

ಸ್ಪ್ರೇಗೆ ಸಾಮಾನ್ಯವಾಗಿ ಲೀಟರಿಗೆ 5 ಗ್ರಾಂ, ಆದ್ರೂ ಪಾಕೆಟ್ ಮೇಲಿರೋ ಅಳತೆನೇ ಪಾಲಿಸಿ. ಮೊದ್ಲು ಒಂದು ಬಕೆಟ್ಟಲ್ಲಿ ಸ್ವಲ್ಪ ನೀರಿಗೆ ಕಲಸಿ, ಬಟ್ಟೇಲಿ ಸೋಸಿ ಆಮೇಲೆ ಪಂಪಿಗೆ ಹಾಕಿ, ಇಲ್ಲಾಂದ್ರೆ ನಾಜಲ್ ಕಟ್ಕೊಳ್ಳುತ್ತೆ. ಪಂಪಲ್ಲಿ ಹಿಂದೆ ಬೂಷ್ಟು ರೋಗದ ಔಷಧಿ ಹೊಡ್ದಿದ್ರೆ ಚೆನ್ನಾಗಿ ತೊಳೀರಿ. ಬೋರ್ಡೋ, ಮ್ಯಾಂಕೋಜೆಬ್ ಥರದ್ದು ಈ ಶಿಲೀಂಧ್ರಾನೂ ಸಾಯಿಸುತ್ತೆ, ಜೊತೇಲಿ ಬೆರೆಸ್ಲೇಬೇಡಿ.

ಹೊಡೆಯೋದು ಸಂಜೆ, ಬಿಸಿಲು ಇಳಿದ್ಮೇಲೆ. ಬಿಸಿಲಿಗೆ ಬೀಜಕಣ ಸಾಯುತ್ತೆ, ಮೊಳೆಯೋಕೆ ತೇವಾನೂ ಬೇಕು, ಅದಕ್ಕೇ ಏಪ್ರಿಲ್ ಮೇ ಒಣ ಬಿಸಿಲಲ್ಲಿ ಅಷ್ಟಾಗಿ ಕೆಲ್ಸ ಮಾಡಲ್ಲ. ಹುಳದ ಮೈಗೆ ತಾಗಿದ್ರೇನೇ ಅದು ಚರ್ಮ ಕೊರೆದು ಒಳಗೆ ಹೋಗೋದು, ಹಾಗಾಗಿ ಬಿಳಿನೊಣ ಕೂರೋ ಎಲೆ ಅಡಿಭಾಗ ಪೂರ್ತಿ ನೆನೀಬೇಕು.

ಮಾರ್ನೇ ದಿನ ಹುಳ ಓಡಾಡ್ತಿದ್ರೆ ಗಾಬರಿಯಾಗಿ ಮತ್ತೆ ಕೆಮಿಕಲ್ ಹೊಡೀಬೇಡಿ, ಸಾಯೋಕೆ ವಾರದ ಹತ್ರ ಹಿಡಿಯುತ್ತೆ. ಕೆಲ್ಸ ಆಗಿದ್ಯಾ ಗೊತ್ತಾಗ್ಬೇಕಂದ್ರೆ ಸತ್ತ ಹುಳ ನಾಕೈದು ಆರಿಸಿ, ಒದ್ದೆ ಪೇಪರ್ ಹಾಸಿದ ಡಬ್ಬೀಲಿ ಮುಚ್ಚಿಡಿ. ಕೆಲವು ದಿನದಲ್ಲಿ ಮೈಮೇಲೆ ಬಿಳಿ ಬೂಷ್ಟು ಬಂದ್ರೆ ಬ್ಯುವೇರಿಯಾ ಇಲ್ಲಾ ವರ್ಟಿಸಿಲಿಯಂ, ಮೊದ್ಲು ಬಿಳಿ ಇದ್ದು ಆಮೇಲೆ ಹಸಿರಾದ್ರೆ ಮೆಟರೈಜಿಯಂ.